ಬೆಂಗಳೂರು ಇನ್ನೂ ಊರು, ಸ್ಕೂಲ್ ಫೀಸು ನೂರು

ಒಂದು ಮಗುವನ್ನು ಓದಿಸಲು ತಿಂಗಳಿಗೆ ಎಷ್ಟು ಬೇಕು? ನಿಮ್ಮ ಮನೆಯ ಲೆಕ್ಕ ಬಿಡಿ, ಆದಾಯ ತೆರಿಗೆಯ ಲೆಕ್ಕ ಕೇಳಿ: 100 ರೂಪಾಯಿ. 2025-26ರ ಆದಾಯಕ್ಕೆ ಹಳೆ ಪದ್ಧತಿಯಲ್ಲಿ (ಖರ್ಚು ತೋರಿಸಿ ವಿನಾಯಿತಿ ಕೇಳುವ ಪದ್ಧತಿ) ರಿಟರ್ನ್ ಹಾಕುವ ಸಂಬಳದಾರರಿಗೆ ಮಕ್ಕಳ ಶಿಕ್ಷಣ ಭತ್ಯೆಯಲ್ಲಿ ಸಿಗುವ ವಿನಾಯಿತಿ ಅಷ್ಟೇ. ಅದೂ ಎರಡು ಮಕ್ಕಳಿಗೆ ಮಾತ್ರ. ಮಗು ಹಾಸ್ಟೆಲ್‌ನಲ್ಲಿದ್ದರೆ ತಿಂಗಳಿಗೆ ಇನ್ನೊಂದು 300. ಊಟ, ಹಾಸಿಗೆ, ಬಿಸಿನೀರು ಎಲ್ಲ ಸೇರಿ. ಆ ಹಾಸ್ಟೆಲ್ ಎಲ್ಲಿದೆ ಅಂತ ಇಲಾಖೆಯವರು ತಿಳಿಸಿದರೆ ಅಪ್ಪ ಅಮ್ಮಂದಿರೂ ಹೋಗಿ ಸೇರಿಕೊಳ್ಳಬಹುದು.

ಉಳಿತಾಯ ನೋಡೋಣ. ಒಂದು ಮಗುವಿಗೆ ವರ್ಷಕ್ಕೆ 1,200 ವಿನಾಯಿತಿ. 30 ಪರ್ಸೆಂಟ್ ಸ್ಲ್ಯಾಬ್‌ನವರಿಗೆ ಸೆಸ್ ಸೇರಿ ಉಳಿಯುವುದು 374 ರೂಪಾಯಿ 40 ಪೈಸೆ. ಸ್ಕೂಲ್ ಶೂ ಒಂದು ಬರಬಹುದು, ಜೊತೆ ಬರಲ್ಲ. ಸೆಸ್ ಅಂದೆನಲ್ಲ, ಅದು ಆರೋಗ್ಯ ಮತ್ತು ಶಿಕ್ಷಣ ಸೆಸ್. ತೆರಿಗೆಯ ಮೇಲೆ 4 ಪರ್ಸೆಂಟ್. ಲಕ್ಷ ರೂಪಾಯಿ ತೆರಿಗೆ ಇರುವವರು 4,000 ಕಟ್ಟಬೇಕು. ಸರ್ಕಾರ ವಸೂಲಿ ಮಾಡುವಾಗ ಶಿಕ್ಷಣ ದುಬಾರಿ, ನಾವು ಖರ್ಚು ತೋರಿಸುವಾಗ ಅಗ್ಗ.

ಟ್ಯೂಷನ್ ಫೀಸಿಗೆ 80ಸಿ (ಉಳಿತಾಯ, ಫೀಸು ತೋರಿಸಿ ಆದಾಯದಿಂದ ಕಳೆಯುವ ಸೆಕ್ಷನ್) ಇದೆಯಲ್ಲ ಅಂತೀರಿ. ಇದೆ. ಅದರ 1.5 ಲಕ್ಷದ ಮಿತಿ 2014ರಲ್ಲಿ ಇಟ್ಟಿದ್ದು, ಆಮೇಲೆ ಅಲ್ಲಾಡಿಲ್ಲ. ಪಿಎಫ್, ಎಲ್‌ಐಸಿ, ಹೋಮ್ ಲೋನ್ ಅಸಲು ಎಲ್ಲವೂ ಸಂಜೆ ಆರರ ಸಿಲ್ಕ್ ಬೋರ್ಡ್ ಬಸ್ಸಿನ ಹಾಗೆ ಅದರೊಳಗೇ ತುಂಬಿಕೊಂಡಿವೆ. ಫೀಸಿಗೆ ನಿಲ್ಲೋಕೂ ಜಾಗ ಇಲ್ಲ.

ಇನ್ನು ಬಾಡಿಗೆ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿಗೆ ಮೂರು ಲೆಕ್ಕ ಹಾಕಬೇಕು, ಯಾವುದು ಕಮ್ಮಿಯೋ ಅದು ನಿಮ್ಮದು. (ಜಾಸ್ತಿ ಇರೋದು ನಿಮ್ಮದು ಅನ್ನುವ ನಿಯಮ ತೆರಿಗೆ ಕಟ್ಟುವಾಗ ಬರುತ್ತೆ.) ಮೂರರಲ್ಲಿ ಒಂದು, ಬೇಸಿಕ್ ಸಂಬಳದ 50 ಪರ್ಸೆಂಟ್. ಆದರೆ ಅದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈನವರಿಗೆ. ಉಳಿದ ಊರಿನವರಿಗೆ 40. 2025-26ರ ಆದಾಯಕ್ಕೆ ಅನ್ವಯವಾಗುವ 1962ರ ನಿಯಮಗಳ ಪ್ರಕಾರ ಬೆಂಗಳೂರು ಉಳಿದ ಊರು. ಬೇಸಿಕ್ 50,000 ಇರುವವರು ಕೋಲ್ಕತ್ತದಲ್ಲಿದ್ದರೆ ಮಿತಿ 25,000, ಇಂದಿರಾನಗರದಲ್ಲಿದ್ದರೆ 20,000. ಕಾನೂನಿನ ಕಣ್ಣಿಗೆ ಇಂದಿರಾನಗರವೂ ಹಿರಿಯೂರೂ ಒಂದೇ. ಹಿರಿಯೂರಿನ ಓನರ್‌ಗಳು ಇದನ್ನು ಓದಿ ಬಾಡಿಗೆ ಏರಿಸದಿದ್ದರೆ ಸಾಕು.

ತಮಾಷೆ ಅಂದರೆ, ದೇಶದ ರಿಟರ್ನ್‌ಗಳನ್ನೆಲ್ಲ ಪರಿಶೀಲಿಸುವ ಇಲಾಖೆಯ ಕೇಂದ್ರ ಸಿಪಿಸಿ ಇರೋದು ಬೆಂಗಳೂರಿನಲ್ಲೇ. ಇ-ವೆರಿಫೈ ಮಾಡದವರು ಸಹಿ ಹಾಕಿದ ಐಟಿಆರ್-ವಿ (ರಿಟರ್ನ್ ದೃಢೀಕರಿಸುವ ಪತ್ರ) ಕಳಿಸಬೇಕಾದ ವಿಳಾಸವೂ ಬೆಂಗಳೂರು 560500. ಕೋಲ್ಕತ್ತದವರ 50 ಪರ್ಸೆಂಟ್ ಸರಿ ಇದೆಯಾ ಅಂತ ನೋಡುವ ಕೆಲಸ 40 ಪರ್ಸೆಂಟ್ ಊರಿಗೆ ಬಿದ್ದಿದೆ.

ಸಿಕ್ಕಷ್ಟಾದರೂ ತಗೊಳ್ಳೋಣ ಅಂದರೆ, ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಓನರ್ ಪ್ಯಾನ್ ಬೇಕು. ಅಡ್ವಾನ್ಸ್ ತಗೊಳ್ಳುವಾಗ ಓನರ್‌ಗೆ ನಮ್ಮ ಆಧಾರ್, ಆಫೀಸ್ ಐಡಿ, ಹೆಂಡತಿಯ ಫೋನ್ ನಂಬರ್ ಎಲ್ಲ ಕೊಟ್ಟಿರುತ್ತೇವೆ. ಅವರ ಪ್ಯಾನ್ ಕೇಳಿದ ತಕ್ಷಣ ದನಿ ಇಳಿಯುತ್ತೆ. "ಅದೆಲ್ಲ ಯಾಕೆ ಸಾರ್, ತಿಂಗಳಿಗೆ ಎಂಟು ಸಾವಿರ ಅಂತ ರಸೀದಿ ಕೊಡ್ಲಾ?" ಹನ್ನೆರಡು ತಿಂಗಳಿಗೆ 96,000. ಲಕ್ಷದೊಳಗೆ! ತೆರಿಗೆ ಕಾನೂನನ್ನು ಪೂರ್ತಿ ಅರ್ಥ ಮಾಡಿಕೊಂಡವರು ದೇಶದಲ್ಲಿ ಯಾರಾದರೂ ಇದ್ದರೆ ಅದು ಬೆಂಗಳೂರಿನ ಓನರ್.

ಈ ತಲೆನೋವಿಗೆಲ್ಲ ಸರ್ಕಾರ ಹೊಸ ಪದ್ಧತಿ ತಂದಿದೆ. 100 ರೂಪಾಯಿ ಕಮ್ಮಿಯಾಯ್ತಾ? ತೆಗೆದೇ ಬಿಟ್ಟೆವು. ಬೆಂಗಳೂರಿಗೆ 40 ಅನ್ಯಾಯವಾ? ತಗೊಳ್ಳಿ, ಮುಂಬೈಗೂ ಸೊನ್ನೆ. ಬದಲಿಗೆ, ಬರೀ ಸಂಬಳ ಇರುವವರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಇದು ನಿಜಕ್ಕೂ ಒಳ್ಳೆಯದೇ, ಸುಮ್ನೆ ಬೈಯೋಕೆ ಆಗಲ್ಲ.

ಹಳೆಯದೇ ಬೇಕು ಅನ್ನುವವರು ಗಡುವಿನೊಳಗೆ ರಿಟರ್ನ್ ಹಾಕಬೇಕು. ಗಡುವು ಯಾವಾಗ? 2025ರಲ್ಲಿ ಜುಲೈ 31 ಇದ್ದದ್ದು ಸೆಪ್ಟೆಂಬರ್ 15 ಆಯ್ತು. 15ರ ರಾತ್ರಿ ಇನ್ನೊಂದು ದಿನ ಕೊಟ್ಟರು. ಆ ಒಂದು ದಿನ ಶುರುವಾದದ್ದೇ ರಾತ್ರಿ 12ರಿಂದ 2:30ರವರೆಗೆ ಪೋರ್ಟಲ್ ಬಂದ್ ಮಾಡಿ. ಆಮೇಲೂ ಹಾಕದವರಿಗೆ 5,000ದವರೆಗೆ ಲೇಟ್ ಫೀ, ಮೇಲಿಂದ ಹೊಸ ಪದ್ಧತಿಯೇ ಗತಿ. ಕಾಡಿ ಬೇಡಿ ತಂದ ಓನರ್ ಪ್ಯಾನನ್ನು ಮುಂದಿನ ವರ್ಷಕ್ಕೆ ಎತ್ತಿಡಿ, ಅಷ್ಟರಲ್ಲಿ ಅವರು ಮನೆ ಖಾಲಿ ಮಾಡಿಸದಿದ್ದರೆ.