ಮಕ್ಕಳು ಸಾರ್ವಜನಿಕರ ಲೆಕ್ಕಕ್ಕಿಲ್ಲ

ಬೆಳಿಗ್ಗೆ 7.05ಕ್ಕೆ ನಮ್ಮ ಬೀದಿಯ ಕೊನೆಗೆ ಹಳದಿ ಬಸ್ ಬರುತ್ತದೆ. ವಿದ್ಯಾರಣ್ಯಪುರದ ಈ ತಿರುವಿನಲ್ಲಿ ಹತ್ತು ಮಕ್ಕಳು ಹತ್ತಬೇಕು. ಅವರಲ್ಲಿ ಒಬ್ಬರಾದರೂ ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೂ ಲಿಫ್ಟಿನಲ್ಲೇ ಇರುತ್ತಾರೆ. ಅಲ್ಲಿಯವರೆಗೆ ಬಸ್ ಕಾಯುತ್ತದೆ. ಇಂಜಿನ್ ಮಾತ್ರ ಕಾಯುವುದಿಲ್ಲ, ಗಡಗಡ ಅನ್ನುತ್ತಲೇ ಇರುತ್ತದೆ. ಅದು ಬಿಡುವ ಹೊಗೆ ನನ್ನ ಮೊಣಕಾಲಿಗೆ ಬರುತ್ತದೆ, ಮಗಳ ಎದೆಗೆ. ಬಸ್ಸಿನ ಹಿಂದೆ 'ಮರ ಬೆಳೆಸಿ, ಪರಿಸರ ಉಳಿಸಿ' ಅಂತ ಬರೆದಿದ್ದರು. ಮಸಿ ಕೂತು ಕೂತು ಈಗ 'ಮರ ಬೆಳೆಸಿ, ಪರಿಸರ' ತನಕ ಮಾತ್ರ ಓದಬಹುದು.

ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಅಣ್ಣ, ಸ್ವಲ್ಪ ಹೊತ್ತು ಆಫ್ ಮಾಡಬಹುದಲ್ವಾ?"

"ಮಾಡಬಹುದು ಸಾರ್. ಮತ್ತೆ ಸ್ಟಾರ್ಟ್ ಆಗಲಿಲ್ಲ ಅಂದ್ರೆ ತಳ್ಳೋಕೆ ಬರ್ತೀರಾ?"

ನನಗೆ ಸೊಂಟ ನೋವಿದೆ. ಸುಮ್ಮನಾದೆ.

ಮನೆಗೆ ಬಂದು ಪೇಪರ್ ತೆಗೆದರೆ ನಮ್ಮೂರಿನ ತುಂಬ ಎಲೆಕ್ಟ್ರಿಕ್ ಬಸ್ಸಿನ ಸುದ್ದಿ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬಸ್ಸಿಗೆಂದೇ 4,391 ಕೋಟಿ ರೂಪಾಯಿ ಇಟ್ಟಿದ್ದಾರೆ. 40 ಲಕ್ಷಕ್ಕಿಂತ ಜಾಸ್ತಿ ಜನ ಇರುವ 9 ನಗರಗಳಿಗೆ 14,028 ಬಸ್. ಅದರಲ್ಲಿ ಬೆಂಗಳೂರಿಗೇ ಸುಮಾರು 4,500. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬಿಎಂಟಿಸಿ 2021ರ ಕೊನೆಯಲ್ಲಿ ಎಲೆಕ್ಟ್ರಿಕ್ ಬಸ್ ಓಡಿಸಲು ಶುರು ಮಾಡಿದಾಗಿನಿಂದ ನಾನು ಅದರ ಅಭಿಮಾನಿ. ಪಕ್ಕದಲ್ಲಿ ಬಂದು ನಿಂತರೂ ಕೆಮ್ಮು ಬರುವುದಿಲ್ಲ. ಹಳದಿ ಬಸ್ಸಿಗೂ ಇದರಲ್ಲಿ ಒಂದಿಷ್ಟು ಸಿಗುತ್ತದಾ ಅಂತ ಹುಡುಕಿದೆ. ಇಲ್ಲ. ದುಡ್ಡು ಸಾರ್ವಜನಿಕ ಸಾರಿಗೆಗೆ. ಶಾಲೆ ಬಸ್ಸು ಸಾರ್ವಜನಿಕ ಸಾರಿಗೆ ಅಲ್ಲ.

ಜಿಎಸ್‌ಟಿಯಲ್ಲಿ ಒಂದು ನಿಯಮ ಇದೆ. 12 ಜನಕ್ಕಿಂತ ಜಾಸ್ತಿ ಕೂರುವ ಎಲೆಕ್ಟ್ರಿಕ್ ಬಸ್ಸನ್ನು ಸ್ಥಳೀಯ ಸಂಸ್ಥೆಗಳು ಬಾಡಿಗೆಗೆ ತೆಗೆದುಕೊಂಡರೆ ತೆರಿಗೆ ಮಾಫಿ ಅಂತ 2019ರಲ್ಲೇ ತೀರ್ಮಾನವಾಗಿದೆ. ನನ್ನ ಮಗಳ ಯುಕೆಜಿ 'ಬಿ' ಸೆಕ್ಷನ್ನಿನಲ್ಲಿ 32 ಜನ ಇದ್ದಾರೆ, ಎಲ್ಲರೂ ಸ್ಥಳೀಯರೇ. ಆದರೆ ಸಂಸ್ಥೆ ಅಲ್ಲವಲ್ಲ.

ಹಾಗಾಗಿ ನನ್ನದೊಂದು ಸಲಹೆ. ಮಕ್ಕಳೆಲ್ಲ ಸೇರಿ ಒಂದು ನಿಗಮ ಮಾಡಿಕೊಳ್ಳಲಿ. ಯುಕೆಜಿ ಸಾರಿಗೆ ನಿಗಮ ನಿಯಮಿತ. ನಿಗಮಕ್ಕೆ ಬೇಕಾದ ಅರ್ಹತೆ ಎಲ್ಲ ಅವರಲ್ಲಿ ಈಗಾಗಲೇ ಇದೆ. ಲೆಕ್ಕ ಬರುವುದಿಲ್ಲ. ಕೈಯಲ್ಲಿ ಕಾಸಿಲ್ಲ. ಊಟ ಆದ ಮೇಲೆ ನಿದ್ದೆ. ಏನು ಕೇಳಿದರೂ "ನಾನಲ್ಲ ಮಿಸ್, ಅವನು." ಕ್ಲಾಸ್ ಲೀಡರ್ ಎಂ.ಡಿ. ಆಗಲಿ. ಟೆಂಡರ್ ಕಾಗದದಲ್ಲಿ ಅರ್ಧ ದೋಣಿಯಾಗಿ ಮೋರಿಯಲ್ಲಿ ತೇಲಿದರೂ ಪರವಾಗಿಲ್ಲ, ಬೆಂಗಳೂರಿನ ಟೆಂಡರುಗಳು ಅದಕ್ಕಿಂತ ದೊಡ್ಡ ನೀರು ಕಂಡಿವೆ.

ಗಾಳಿಗೆ ಅಂತ ದುಡ್ಡೇ ಇಲ್ಲ ಅನ್ನುವ ಹಾಗೂ ಇಲ್ಲ. 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಬಂತು, ಬೆಂಗಳೂರೂ ಆ ಪಟ್ಟಿಯಲ್ಲಿದೆ. ಆದರೆ ಅಲ್ಲಿ ನಗರಗಳಿಗೆ ಮಾರ್ಕ್ಸ್ ಕೊಡುವುದು ಪಿಎಂ 10 ನೋಡಿ. ಅಂದರೆ ದಪ್ಪ ಧೂಳು. ಡೀಸೆಲ್ ಹೊಗೆಯ ಕಣ ಅದಕ್ಕಿಂತ ಎಷ್ಟೋ ಸಣ್ಣದು, ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿಯಾಗಿದೆ. ಇರಲಿ, ಪರೀಕ್ಷೆಗೆ ಬರುವುದು ದಪ್ಪ ಧೂಳು ತಾನೇ? ಬಂದ ಪಾಠವನ್ನೇ ಓದಬೇಕು. ದೇಶದಲ್ಲಿ ಈ ಕಾರ್ಯಕ್ರಮಕ್ಕೆ ಖರ್ಚಾದ ದುಡ್ಡಿನಲ್ಲಿ ಶೇ 64ರಷ್ಟು ರಸ್ತೆ ಧೂಳಿಗೇ ಹೋಗಿದೆ, ವಾಹನಗಳ ಹೊಗೆಗೆ ಶೇ 13ರಷ್ಟೂ ಇಲ್ಲ ಅಂತ ದೆಹಲಿಯ ಪರಿಸರ ಅಧ್ಯಯನ ಸಂಸ್ಥೆ ಸಿಎಸ್‌ಇ 2024ರಲ್ಲಿ ಲೆಕ್ಕ ಕೊಟ್ಟಿತ್ತು.

ಅದರ ಫಲ ನಮ್ಮ ರಸ್ತೆಗೂ ಬರುತ್ತದೆ. ಕಸ ಗುಡಿಸುವ ದೊಡ್ಡ ಲಾರಿ. ಅದೂ ಡೀಸೆಲ್ಲೇ. ಕೆಲವು ದಿನ ಸರಿಯಾಗಿ ಏಳು ಗಂಟೆಗೆ ಬಂದು, ಸುಮ್ಮನೆ ಮಲಗಿದ್ದ ಧೂಳನ್ನು ಎಬ್ಬಿಸಿ, ನಮ್ಮ ಹತ್ತು ಮಕ್ಕಳಿಗೆ ಪರಿಚಯ ಮಾಡಿಸಿ, ಮುಂದಿನ ಕ್ರಾಸಿಗೆ ಹೋಗುತ್ತದೆ. ದೊಡ್ಡವರು ನಿಮಿಷಕ್ಕೆ 15 ಸಲ ಉಸಿರು ತೆಗೆದುಕೊಂಡರೆ ಈ ವಯಸ್ಸಿನ ಮಕ್ಕಳು 20 ದಾಟಿಸುತ್ತಾರೆ. ಪರಿಚಯ ಬೇಗ ಆಗುತ್ತದೆ.

ಅಮೆರಿಕದಲ್ಲಿರುವ ನಮ್ಮ ಭಾವ ಫೋನಿನಲ್ಲಿ ಇದನ್ನೆಲ್ಲ ಕೇಳಿ ನಕ್ಕರು. ಅಲ್ಲಿ 2021ರಲ್ಲಿ ಕಾನೂನು ಮಾಡಿ, ಶಾಲೆ ಬಸ್ ಬದಲಾಯಿಸುವುದಕ್ಕೇ ಐದು ವರ್ಷಕ್ಕೆ 500 ಕೋಟಿ ಡಾಲರ್ ಇಟ್ಟರಂತೆ. ಭಾವ ಇದನ್ನು ತಾವೇ ಮಂಜೂರು ಮಾಡಿದವರ ಹಾಗೆ ಹೇಳಿದರು. "ನಿಮ್ಮ ಬೀದಿಗೆ ಬರೋದು ಎಲೆಕ್ಟ್ರಿಕ್ಕಾ ಭಾವ?" ಅಂದೆ. ಲೈನ್ ಕಟ್ಟಾಯಿತು. ಅಲ್ಲೂ ಹೆಚ್ಚಿನ ಹಳದಿ ಬಸ್ ಇನ್ನೂ ಡೀಸೆಲ್ಲೇ. ಆದರೂ ಒಂದು ಮಾತು ಒಪ್ಪಬೇಕು: ಅವರ ಸರ್ಕಾರಿ ಕಾಗದದಲ್ಲಿ ಶಾಲೆ ಬಸ್ ಅನ್ನುವ ಶಬ್ದವಾದರೂ ಬಂತು.

ನಮ್ಮಲ್ಲಿ ಅದು ಬರುವುದು ಟ್ರಾಫಿಕ್ ವಿಷಯಕ್ಕೆ ಮಾತ್ರ. 2023ರಲ್ಲಿ ಬೆಂಗಳೂರಿನ ಜಾಮ್ ಕಡಿಮೆ ಮಾಡಲು ಶಾಲೆಯ ಸಮಯ ಬದಲಿಸಬಹುದಾ ಅನ್ನುವ ಚರ್ಚೆ ನಡೆಯಿತು. ಶಾಲೆಗಳು ಒಪ್ಪಲಿಲ್ಲ ಬಿಡಿ. ಆದರೆ ಯೋಚನೆಯ ದಿಕ್ಕು ನೋಡಿ. ದಾರಿ ಬಿಡಬೇಕಾದವರು ಮಕ್ಕಳು. ಆಫೀಸಿನವರು ಹತ್ತು ಗಂಟೆಗೆ ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಹೋಗಬೇಕಲ್ಲ, ಪಾಪ. ಅವರಿಗಾಗಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿಲೋಮೀಟರ್ ಸುರಂಗ ಬೇರೆ. ಅಂದಾಜು ವೆಚ್ಚ 17 ಸಾವಿರ ಕೋಟಿಯ ಮೇಲೆ. ಅದು ಸಾರ್ವಜನಿಕ ಕಾಮಗಾರಿ. ಅದರೊಳಗೆ ಸ್ಕೂಟರಿಗೆ ಪ್ರವೇಶ ಇಲ್ಲ, ಆದರೂ ಸಾರ್ವಜನಿಕ. ಈ ಶಬ್ದ ನಮ್ಮೂರಿನಲ್ಲಿ ಮೀಟರ್ ಹಾಕದ ಆಟೋ ಇದ್ದ ಹಾಗೆ. ಬೇಕಾದ ಕಡೆ ಮಾತ್ರ ಬರುತ್ತದೆ.

ಪೋಷಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇದನ್ನೆಲ್ಲ ಬರೆದೆ. ಒಬ್ಬರು ಕೈ ಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು ಎಲೆಕ್ಟ್ರಿಕ್ ಬಸ್ ಬಂದರೆ ಫೀಸ್ ಎಷ್ಟು ಜಾಸ್ತಿ ಆಗುತ್ತದೆ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಡೀಸೆಲ್ ಬಸ್ಸಿಗಿಂತ ಅದರ ಬೆಲೆ ಎಷ್ಟೋ ಜಾಸ್ತಿ, ಸರ್ಕಾರ ಕೈ ಹಾಕದಿದ್ದರೆ ಅದು ಬಂದು ಬೀಳುವುದು ನಮ್ಮ ತಲೆಗೇ. ಆಮೇಲೆ ಸ್ಪೋರ್ಟ್ಸ್ ಡೇ ಟೀ ಶರ್ಟಿನ ಬಣ್ಣದ ಚರ್ಚೆ ಶುರುವಾಯಿತು. ನನ್ನ ಮೆಸೇಜ್ ಮೇಲಕ್ಕೆ ಹೋಯಿತು.

ಕಳೆದ ಸೋಮವಾರ ಡ್ರೈವರ್ ಅಣ್ಣ ತಾನಾಗಿಯೇ ಮಾತಾಡಿಸಿದ.

"ಈ ತಿಂಗಳು ಕೊನೆ ಸಾರ್. ಬೇರೆ ಕಡೆ ಸೇರಿಕೊಂಡೆ. ಔಟರ್ ರಿಂಗ್ ರೋಡ್ ಕಡೆ, ಕಂಪನಿ ಸ್ಟಾಫ್ ಬಸ್ಸು. ಎಲೆಕ್ಟ್ರಿಕ್. ಎಸಿ ಬೇರೆ."

"ಒಳ್ಳೇದಾಯ್ತಲ್ಲ ಅಣ್ಣ."

"ಹೂಂ ಸಾರ್. ಡಾಕ್ಟ್ರು ಹೊಗೆ ಬೇಡ ಅಂದ್ರು ನಂಗೆ." ಕಿಟಕಿಯಿಂದ ಕೈ ಬೀಸುತ್ತಿದ್ದ ನನ್ನ ಮಗಳ ಕಡೆ ತಿರುಗಿ ನೋಡಿ ಗೇರ್ ಹಾಕಿದ. "ಪಾಪು ಓದಿ ಕೆಲಸಕ್ಕೆ ಸೇರಲಿ ಸಾರ್, ನಾನೇ ಕರ್ಕೊಂಡು ಹೋಗ್ತೀನಿ."