ಕುದುರೆ ಏರಿದ ತಂತಿ ಗುಮಾಸ್ತ

ಸುತ್ತ ಎಲ್ಲಿ ನೋಡಿದರೂ ನರಪಿಳ್ಳೆಯಿಲ್ಲದ ಬಯಲು. ಕುದುರೆಯ ಮೇಲೆ ಕುಳಿತವನೊಬ್ಬ ಗಿಟಾರ್ ಮೀಟಿ ಹಾಡು ಎತ್ತಿಕೊಳ್ಳುತ್ತಾನೆ. ಎರಡನೆಯ ಸಾಲು ಬರುವ ಹೊತ್ತಿಗೆ ಪಿಟೀಲು, ಅಕಾರ್ಡಿಯನ್ ಎಲ್ಲ ಜೊತೆಗೂಡಿರುತ್ತವೆ. ಎಲ್ಲಿಂದ ಬಂದವು ಎಂದು ಕೇಳುವವನು ಅರಸಿಕ. ನಮ್ಮ ನಾಯಕ ನಾಯಕಿಯರು ಮರ ಸುತ್ತುವಾಗ ಹಿಮ್ಮೇಳದವರು ಯಾವ ಪೊದೆಯಲ್ಲಿ ಅಡಗಿದ್ದಾರೆಂದು ನಾವೇನು ಹುಡುಕಿದ್ದೇವೆಯೇ? ಹಾಲಿವುಡ್ಡಿನ ಹಾಡುವ ಕೌಬಾಯ್‌ನನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳುವ ತರಬೇತಿ ನಮಗೆ ಮೊದಲೇ ಆಗಿಬಿಟ್ಟಿದೆ.

ಆ ಪಂಗಡದ ಹಿರಿಯಣ್ಣ ಜೀನ್ ಆಟ್ರಿ. 1907ರಲ್ಲಿ ಟೆಕ್ಸಾಸ್‌ನ ಟಿಯೋಗಾದಲ್ಲಿ ಹುಟ್ಟಿದ. ದೊಡ್ಡ ಟೋಪಿ, ಕಸೂತಿಯ ಅಂಗಿ, ಚಾಂಪಿಯನ್ ಎಂಬ ಕುದುರೆ, ಎಲ್ಲ ಇತ್ತು. ಆದರೆ ಅವನ ಮೊದಲ ಸಂಬಳ ದನಗಳಿಂದ ಬಂದದ್ದಲ್ಲ, ರೈಲ್ವೆಯಿಂದ. ಒಕ್ಲಹೋಮಾದ ಸಣ್ಣ ಸ್ಟೇಷನ್ನುಗಳಲ್ಲಿ ಅವನು ತಂತಿ ಗುಮಾಸ್ತ. ರಾತ್ರಿ ಪಾಳಿಯಲ್ಲಿ ತಂತಿ ಸುಮ್ಮನಿದ್ದಾಗ ನಿದ್ದೆ ತಡೆಯಲು ಹಾಡುತ್ತಿದ್ದನಂತೆ. ಒಂದು ರಾತ್ರಿ ತಂತಿ ಕಳಿಸಲು ಬಂದ ವಿಲ್ ರೋಜರ್ಸ್, ಅಂದರೆ ಆ ಕಾಲದ ಅಮೆರಿಕವನ್ನೆಲ್ಲ ನಗಿಸುತ್ತಿದ್ದ ಮಹಾಶಯ, ಇದನ್ನು ಕೇಳಿ ‘ರೇಡಿಯೊಗೆ ಹೋಗು’ ಎಂದನೆಂಬುದು ಆಟ್ರಿ ಜೀವನಪೂರ್ತಿ ಹೇಳಿಕೊಂಡು ಬಂದ ಕಥೆ. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿದ್ದರೂ ನನ್ನ ತಕರಾರಿಲ್ಲ. ಏಕೆಂದರೆ ಮುಂದೆ ನಡೆದದ್ದೆಲ್ಲ ಹಾಗೇ ಇದೆ: ಟಲ್ಸಾದ ರೇಡಿಯೊ, ಷಿಕಾಗೋ ರೇಡಿಯೊ, ಗ್ರಾಮಫೋನ್ ಪ್ಲೇಟು. ಮನುಷ್ಯ ತಂತಿ ಬಿಟ್ಟು ಎಂದೂ ದೂರ ಹೋಗಲೇ ಇಲ್ಲ. ಟೋಪಿ ಮಾತ್ರ ಬದಲಾಯಿತು.

ನನ್ನ ಮಾತು ನಂಬದವರು 1935ರ ‘ದಿ ಫ್ಯಾಂಟಮ್ ಎಂಪೈರ್’ ನೋಡಬೇಕು. ಹನ್ನೆರಡು ಕಂತಿನ ಧಾರಾವಾಹಿ ಚಿತ್ರ. ನೆಲದಡಿ ಸಾವಿರಾರು ಅಡಿ ಆಳದಲ್ಲಿ ಮುರಾನಿಯಾ ಎಂಬ ರಾಜ್ಯ, ಅಲ್ಲೊಬ್ಬಳು ರಾಣಿ, ತಗಡಿನ ಡಬ್ಬದಂಥ ರೋಬೋಟುಗಳು. ನಮ್ಮ ನಾಯಕ ಅಲ್ಲಿ ಸೆರೆ ಸಿಕ್ಕುತ್ತಾನೆ. ಅವನಿಗಿರುವ ದೊಡ್ಡ ಚಿಂತೆ ಯಾವುದು ಗೊತ್ತೇ? ಮೇಲೆ ಬಂದು ದಿನಾ ರೇಡಿಯೊದಲ್ಲಿ ಹಾಡಬೇಕು! ಒಂದು ದಿನ ತಪ್ಪಿದರೂ ಒಪ್ಪಂದ ಮುರಿದು ಅವನ ರ‍್ಯಾಂಚು, ಅಂದರೆ ದನ ಕುದುರೆ ಸಾಕುವ ಜಮೀನು, ಕೈಬಿಡುತ್ತದೆ. ಪಾತಾಳಕ್ಕೆ ಹೋಗಿಯೂ ಡ್ಯೂಟಿಯ ಹೊತ್ತು ಮರೆಯದ ಇಂಥ ವೀರ ನಮ್ಮ ಪುರಾಣಗಳಲ್ಲೂ ಇದ್ದ ಹಾಗಿಲ್ಲ. ಅವನ ಮುಂದಿನ ಎಷ್ಟೋ ಚಿತ್ರಗಳಲ್ಲೂ ಅಷ್ಟೇ: ಖಳರು ಕಾರಿನಲ್ಲಿ ಓಡುತ್ತಾರೆ, ಇವನು ಕುದುರೆಯ ಮೇಲೆ ಅಟ್ಟಿಸಿಕೊಂಡು ಹೋಗುತ್ತಾನೆ, ಹಿಡಿದೂ ಬಿಡುತ್ತಾನೆ.

ಕೌಬಾಯ್‌ಗೆ ಹತ್ತು ಕಟ್ಟಳೆಗಳೆಂದು ಅವನೇ ಮಕ್ಕಳಿಗೆ ಹೇಳಿಕೊಟ್ಟ. ಮೊದಲು ಗುಂಡು ಹಾರಿಸಬಾರದು, ಕೊಟ್ಟ ಮಾತಿಗೆ ತಪ್ಪಬಾರದು, ಮುದುಕರಿಗೂ ಮಕ್ಕಳಿಗೂ ಪ್ರಾಣಿಗಳಿಗೂ ಮೃದುವಾಗಿರಬೇಕು ಇತ್ಯಾದಿ. ಸಂಬಳದ ಚೌಕಾಶಿ ಮಾಡಬಾರದೆಂದು ಮಾತ್ರ ಎಲ್ಲೂ ಇಲ್ಲ! ಹಣದ ವಿಷಯಕ್ಕೆ ರಿಪಬ್ಲಿಕ್ ಸ್ಟುಡಿಯೊದೊಂದಿಗೆ ಮುನಿಸಿಕೊಂಡು ಹೋದ; ಅವರು ಆ ಜಾಗಕ್ಕೆ ರಾಯ್ ರೋಜರ್ಸ್ ಎಂಬ ಇನ್ನೊಬ್ಬ ಹಾಡುಗಾರನನ್ನು ತಂದರು. 1938ರ ಆ ಜಗಳದಿಂದ ಲೋಕಕ್ಕೆ ಇನ್ನೊಬ್ಬ ಹಾಡುವ ಕೌಬಾಯ್ ಸಿಕ್ಕಿದ.

ಯುದ್ಧ ಬಂತು. 1942ರಲ್ಲಿ ಸೇನೆಗೆ ಸೇರುವ ಪ್ರಮಾಣವಚನವನ್ನೂ ತನ್ನ ರೇಡಿಯೊ ಕಾರ್ಯಕ್ರಮದಲ್ಲೇ ಸ್ವೀಕರಿಸಿದ. ಬೇರೆಲ್ಲಿ ಸ್ವೀಕರಿಸಿಯಾನು? ಆಮೇಲೆ ಸಾಮಾನು ಸಾಗಿಸುವ ವಿಮಾನ ಹಾರಿಸಿದ.

ಇವತ್ತು ಅವನನ್ನು ಬದುಕಿಸಿರುವುದು ಕುದುರೆಯಲ್ಲ, ಜಿಂಕೆ. ಕೆಂಪು ಮೂಗಿನ ರುಡಾಲ್ಫ್ ಎಂಬ ಹಿಮಸಾರಂಗದ ಕ್ರಿಸ್‌ಮಸ್ ಹಾಡನ್ನು ಅದನ್ನು ಕಟ್ಟಿದ ಜಾನಿ ಮಾರ್ಕ್ಸ್ ತಂದುಕೊಟ್ಟಾಗ ಆಟ್ರಿಗೆ ಅದು ಹಿಡಿಸಲಿಲ್ಲ. ಬೇರೆ ಜಿಂಕೆಗಳು ಅದನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲವೆಂಬ ಸಾಲಿಗೆ ಹೆಂಡತಿ ಐನಾ ಕರಗಿ, ಹಾಡಲೇಬೇಕೆಂದು ಪಟ್ಟುಹಿಡಿದಳು. 1949ರಲ್ಲಿ ಅದು ಪ್ಲೇಟಾಗಿ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಈಗಲೂ ಡಿಸೆಂಬರ್ ಬಂತೆಂದರೆ ಅಂಗಡಿ ಮಾಲ್‌ಗಳಲ್ಲಿ ಅದೇ ಹಾಡು. ಕೇಳುವವರಲ್ಲಿ ಎಷ್ಟು ಜನಕ್ಕೆ ಅದರ ಹಿಂದೊಬ್ಬ ಕೌಬಾಯ್ ಇದ್ದಾನೆಂದು ತಿಳಿದಿದೆಯೋ!

ವಯಸ್ಸಾದ ಮೇಲೆ ಬಹಳ ತಾರೆಯರು ಹಳೇ ಫೋಟೊಗಳಿಗೆ ಕಟ್ಟು ಹಾಕಿಸಿ ಕೂರುತ್ತಾರೆ. ಇವನು ರೇಡಿಯೊ ಕೇಂದ್ರಗಳನ್ನು ಕೊಂಡ, ಟಿವಿ ಕೇಂದ್ರ ಕೊಂಡ. ಅವನ ಲಾಸ್ ಏಂಜಲೀಸ್ ರೇಡಿಯೊಗೆ ಡಾಡ್ಜರ್ಸ್ ತಂಡದ ಆಟಗಳ ಪ್ರಸಾರ ಕೈತಪ್ಪಿತು. 1960ರಲ್ಲಿ ಅದೇ ಊರಿಗೆ ಇನ್ನೊಂದು ಬೇಸ್‌ಬಾಲ್ ತಂಡ ಬರುತ್ತದೆಂದು ಗೊತ್ತಾಗಿ, ಅದರ ಪ್ರಸಾರದ ಹಕ್ಕನ್ನಾದರೂ ಕೇಳೋಣವೆಂದು ಹೋದ. ಬರುವಾಗ ಏಂಜಲ್ಸ್ ತಂಡದ ಮಾಲೀಕನಾಗಿ ಬಂದ. ಸೊಪ್ಪು ತರಲು ಹೋದವನು ತೋಟವನ್ನೇ ಕ್ರಯ ಮಾಡಿಕೊಂಡು ಬಂದ ಹಾಗೆ.

ತಂಡ ಮಾತ್ರ ಅವನನ್ನು ಚೆನ್ನಾಗಿ ಗೋಳುಹೊಯ್ದುಕೊಂಡಿತು. ಗೆಲುವಿನ ಹೊಸಿಲವರೆಗೆ ಬಂದು ಮುಗ್ಗರಿಸುವುದೇ ಅದರ ರೂಢಿ. ಇಪ್ಪತ್ತೈದು ಆಟಗಾರರ ತಂಡಕ್ಕೆ ಅವನು ಇಪ್ಪತ್ತಾರನೆಯವನೆಂದು 26ನೇ ನಂಬರಿನ ಅಂಗಿಯನ್ನು ಬೇರೆ ಯಾರಿಗೂ ಕೊಡದೆ ಮೀಸಲಿಟ್ಟರು. 1998ರಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ ಆಟ್ರಿ ತೀರಿಕೊಂಡ. ಏಂಜಲ್ಸ್ ಅಮೆರಿಕದ ಬೇಸ್‌ಬಾಲಿನ ಅತಿ ದೊಡ್ಡ ಪಟ್ಟವಾದ ವರ್ಲ್ಡ್ ಸೀರೀಸ್ ಗೆದ್ದದ್ದು 2002ರಲ್ಲಿ. ಅಷ್ಟರಲ್ಲಿ ತಂಡ ಮಿಕ್ಕಿ ಮೌಸಿನ ಮನೆಯವರ, ಅಂದರೆ ಡಿಸ್ನಿ ಕಂಪನಿಯ, ಪಾಲಾಗಿತ್ತು.