ಹಿನ್ನೀರಿಗೂ ಡಿಜೆ ಬೇಕಾ ಮಾರಾಯ್ರೆ?

ನಿನ್ನೆಯಿಂದ ಹೊಟ್ಟೆ ಉರಿಯುತ್ತಾ ಉಂಟು. ಬರೆದೇ ಬಿಡುತ್ತೇನೆ.

ಮಗನಿಗೆ ಬೇಸಗೆ ರಜೆ. ಎರಡು ವಾರದಿಂದ ಕಯಾಕಿಂಗ್ ಅಂತ ಒಂದೇ ಹಟ. ಸರಿ, ನಮ್ಮ ಕಾಸರಗೋಡು ಜಿಲ್ಲೆಯದ್ದೇ ವಲಿಯಪರಂಬದ ಹಿನ್ನೀರಿಗೆ ಹೊರಟೆವು. ಬೆಳಗ್ಗಿನ ಹೊತ್ತೇ ಬುಕ್ ಮಾಡಿದ್ದೆ. ಬಿಸಿಲೇರಿದ ಮೇಲೆ ಕಡಲ ಗಾಳಿ ಏಳುತ್ತದೆ, ಆಮೇಲೆ ಹುಟ್ಟು ಹಾಕಿ ಹಾಕಿ ರಟ್ಟೆ ಸೋಲುತ್ತದೆ. ಅದಕ್ಕೇ ಕುಂಬಳೆಯಿಂದ ಕತ್ತಲಿರುವಾಗಲೇ ಕಾರು ತೆಗೆದದ್ದು.

ಆಚೆ ಕಡಲು, ನಡುವೆ ತೆಂಗು ತುಂಬಿದ ಮರಳಿನ ಪಟ್ಟಿ, ಈಚೆ ಅಲುಗದ ನೀರು. ಅಲ್ಲಲ್ಲಿ ಬಿದಿರು ಊರಿ, ಹಗ್ಗ ಇಳಿಬಿಟ್ಟು ಪಚ್ಚಿಲೆ, ಅಂದರೆ ತಿನ್ನುವ ಚಿಪ್ಪುಮೀನು, ಬೆಳೆಸಿದ್ದರು. ಮಳೆಗಾಲಕ್ಕೆ ಮೊದಲೇ ಅದನ್ನು ತೆಗೆಯಬೇಕು, ಹೊಳೆಯ ಸಿಹಿನೀರು ನುಗ್ಗಿದರೆ ಸಾಯುತ್ತದೆ ಅಂತ ಮಗನಿಗೆ ಹೇಳುತ್ತಿದ್ದೆ. ಹುಟ್ಟಿನ ತುದಿಯಿಂದ ಹನಿ ಬೀಳುವ ಸದ್ದೂ ಕೇಳುತ್ತಿತ್ತು.

ಆಗ ಬಂತು ನೋಡಿ. ಡುಂ ಡುಂ ಡುಂ!

ದೊಡ್ಡದೊಂದು ಬೋಟು. ಮೇಲೆ ಆಳೆತ್ತರದ ಎರಡು ಬಾಕ್ಸ್. ಸೂರ್ಯ ಸರಿಯಾಗಿ ಮೇಲೆ ಬಂದಿಲ್ಲ, ಇವರದ್ದು ಕುಣಿತ! ಎದೆ ನಡುಗಿತು ಅಂದರೆ ಸುಮ್ನೆ ಹೇಳುವುದಲ್ಲ. ಬೆಳ್ಳಕ್ಕಿಗಳೆಲ್ಲ ಒಟ್ಟಿಗೇ ಹಾರಿದವು. ಬೋಟಿನ ಅಲೆಗೆ ನಮ್ಮ ಕಯಾಕ್ ತೊಟ್ಟಿಲಾಯಿತು. ನಾನು ಕೈ ಎತ್ತಿ, ಸ್ವಲ್ಪ ಕಡಿಮೆ ಮಾಡಿ ಅಂತ ಸನ್ನೆ ಮಾಡಿದೆ. ಅವರು ಟಾಟಾ ಮಾಡಿದರು!

ಹೋಯಿತಲ್ಲ ಅಂದುಕೊಂಡರೆ ತಿರುಗಿ ಬಂತು. ಮತ್ತೆ ಹೋಯಿತು. ಮತ್ತೆ ಬಂತು.

ಹತ್ತಿರ ದೋಣಿಯಲ್ಲಿ ಒಬ್ಬ ಅಜ್ಜ ಬಲೆ ಬೀಸುತ್ತಿದ್ದರು. ನನ್ನ ಮುರುಕು ಮಲಯಾಳದಲ್ಲಿ "ದಿನಾ ಹೀಗೆಯಾ?" ಅಂತ ಕೇಳಿದೆ. ಅವರು ಖಾಲಿ ಬಲೆ ಎತ್ತಿ ತೋರಿಸಿದರು, ಅಷ್ಟೇ. ನನ್ನದು ಒಂದು ದಿನದ ಮೋಜು, ಅವರದ್ದು ಅನ್ನ ಅಲ್ವಾ?

ದಡಕ್ಕೆ ಬಂದು ಕಯಾಕ್‌ನವನಿಗೆ ದೂರು ಹೇಳಿದೆ. "ಅದು ಬೇರೆಯವರ ಬೋಟು ಸಾರ್, ನಾವೆಂತ ಮಾಡುವುದು?" ಹಣ ತೆಗೆದುಕೊಳ್ಳುವಾಗ "ಫುಲ್ ಸೈಲೆಂಟ್ ಜಾಗ ಸಾರ್" ಅಂದವನೂ ಇವನೇ. ಡಿಜೆ ಬೇಕಾದವರಿಗೆ ಹಾಲ್ ಇಲ್ಲವಾ, ಮನೆ ಇಲ್ಲವಾ? ಕಿವಿಗೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು ಕುಣಿದರೆ ಯಾರು ಬೇಡ ಅನ್ನುತ್ತಾರೆ?

ಕಾರಿನಲ್ಲಿ ನೀಲೇಶ್ವರ ದಾಟುವವರೆಗೂ ನಾನು ಬೈಯುತ್ತಲೇ ಇದ್ದೆ. ಹಿಂದಿನ ಸೀಟಿನಿಂದ ಮಗ ಮೆಲ್ಲ ಕೇಳಿದ:

"ಅಪ್ಪಾ, ಮುಂದಿನ ಸಲ ನಾವು ಆ ಬೋಟಿನಲ್ಲಿ ಹೋಗುವನಾ?"